ಮೂರು ಇಪ್ಪತ್ತರ ಹೂವು

ಮಾರ್ಚ್ 3

ಬಾಯಿಗೆ ಬೀಗ ಬಿತ್ತು. ಇವತ್ತಿನಿಂದ ಇಪ್ಪತ್ತೆಂಟು ದಿನ.

ಗಂಟಲಿನೊಳಗಿದ್ದ ಗಂಟನ್ನು ನಿನ್ನೆ ತೆಗೆದರು. ಸಾಸಿವೆ ಕಾಳಿನಷ್ಟೂ ಇರಲಿಲ್ಲವಂತೆ. ಅಷ್ಟರದ್ದು ಇಷ್ಟು ರಾದ್ಧಾಂತ ಮಾಡಿತು! ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು: "ಒಂದು ಅಕ್ಷರ ಆಡಬಾರದು. ಪಿಸುಗುಟ್ಟೋದಂತೂ ಬೇಡವೇ ಬೇಡ, ಅದು ಕೂಗೋದಕ್ಕಿಂತ ಕೆಟ್ಟದ್ದು. ಮೂವತ್ತೊಂದಕ್ಕೆ ಬನ್ನಿ, ದನಿ ಎಷ್ಟು ಉಳಿದಿದೆ ನೋಡೋಣ." ಎಷ್ಟು ಉಳಿದಿದೆ ಅಂದರೆ ಏನ್ರೀ ಅರ್ಥ ಎಂದು ಕೇಳಲು ಬಾಯಿ ತೆರೆದೆ. ಅವರು ತುಟಿಯ ಮೇಲೆ ಬೆರಳಿಟ್ಟರು. ನನ್ನ ಜನ್ಮದಲ್ಲೇ ಯಾರೂ ನನಗೆ ಹಾಗೆ ಮಾಡಿರಲಿಲ್ಲ.

ಹದಿನಾಲ್ಕು ವರ್ಷದಿಂದ ಬಸ್ ನಿಲ್ದಾಣದ ಮೈಕಿನ ಮುಂದೆ ಕೂತವಳು ನಾನು. ಯಾವ ಬಸ್ಸು, ಯಾವ ಅಂಕಣ, ಎಷ್ಟು ಗಂಟೆಗೆ, ಎಲ್ಲವನ್ನೂ ಕೂಗುವವಳು ನಾನೇ. ಡ್ರೈವರುಗಳು ನನ್ನನ್ನು ಕರೆಯುವುದೇ ಮೈಕಮ್ಮ ಎಂದು. ಡ್ಯೂಟಿ ಮುಗಿಸಿ ಮನೆಗೆ ಬಂದ ಮೇಲೂ ಮೈಕು ಆರುತ್ತಿರಲಿಲ್ಲ ಎಂದು ಇಡೀ ಬೀದಿಯೇ ಸಾಕ್ಷಿ ಹೇಳುತ್ತದೆ.

ನಮ್ಮವರು ಪುಸ್ತಕಕ್ಕೆ ರಟ್ಟು ಹಾಕುವ ಬೈಂಡರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಆಸ್ಪತ್ರೆಯಿಂದ ಬಂದ ಕೂಡಲೇ ನನ್ನ ಕೊರಳಿಗೆ ಒಂದು ಸ್ಲೇಟು ನೇತುಹಾಕಿದರು. ತಾವೇ ಹೊಲಿದ ಈ ನೋಟ್‌ಬುಕ್ಕನ್ನೂ ಕೊಟ್ಟರು. "ಬರೀ" ಎಂದರು. ಅಷ್ಟೇ. ಒಂದು ಪದಕ್ಕಿಂತ ಎರಡಾಡಿದರೆ ಅವರಿಗೆ ಸುಸ್ತು. ಮಿತಭಾಷಿ ಎಂದು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ.

ಬೇರೊಂದು ಹಾಳೆಯ ಮೇಲೆ ಪಟ್ಟಿ ಶುರುಮಾಡಿದ್ದೇನೆ. ತಲೆಬರಹ: ದನಿ ಬಂದ ಮೇಲೆ ಹೇಳಬೇಕಾದ್ದು. ಮೊದಲ ದಿನಕ್ಕೇ ಹನ್ನೊಂದು ವಿಷಯ ಆಗಿವೆ.

ಮಾರ್ಚ್ 4

ಕೆಳಗಿನ ಮನೆಯ ಟೀಚರಮ್ಮ ನೋಡಲು ಬಂದಿದ್ದರು. ಮನೆಯೊಡತಿ ಅವರೇ. ನಾವು ಮೇಲಿನ ಅಂತಸ್ತಿನ ಬಾಡಿಗೆದಾರರು. ಮೂವತ್ತು ವರ್ಷ ಗಣಿತ ಕಲಿಸಿದವರು, ಈಗಲೂ ಮಾತಾಡಿದರೆ ಕಿವಿ ಹಿಂಡಿದಂತೆಯೇ ಇರುತ್ತದೆ.

"ಅಬ್ಬಾ, ಮನೆ ಎಷ್ಟು ತಣ್ಣಗಿದೆ ಇವತ್ತು!" ಎಂದರು ಕೂರುತ್ತಲೇ. ಸ್ಲೇಟಿಗೆ ಕೈ ಹಾಕಿದೆ, ಬರೆಯುವಷ್ಟರಲ್ಲಿ ಅವರು ಮುಂದಿನ ವಿಷಯಕ್ಕೆ ಹೋಗಿದ್ದರು. ಟೆರೇಸು ಸೋರುತ್ತಿದೆಯಂತೆ, ಮಳೆಗಾಲಕ್ಕೆ ಮೊದಲು ಸಿಮೆಂಟು ಬಳಿಸುತ್ತಾರಂತೆ. "ಮೂಲೇಲಿ ನಿಮ್ಮದೊಂದು ತುಕ್ಕು ಹಿಡಿದ ಡಬ್ಬಿ ಇದೆಯಲ್ಲ, ಕಳೆ ಬೆಳೆದಿರೋದು, ಅದೇನು ಕಥೆ?"

"ಅದಾ? ಹನ್ನೆರಡು ವರ್ಷದ ಹಿಂದೆ ಆ ಒಣ ಗುಡ್ಡದ ಊರಿಗೆ ಲೈಬ್ರರಿ ಪುಸ್ತಕಗಳಿಗೆ ರಟ್ಟು ಹಾಕೋ ಕೆಲಸಕ್ಕೆ ಹೋಗಿದ್ದೆ. ವಾಪಸ್ ಬರ್ತಾ ಇಲ್ಲಿ ಬಸ್ ಬದಲಾಯಿಸ್ಬೇಕಿತ್ತು..." ಎಂದು ನಮ್ಮವರು ನಿಲ್ಲಿಸಿ ನನ್ನ ಕಡೆ ನೋಡಿದರು. ಯಾವಾಗಲೂ ಅಲ್ಲಿಂದ ಮುಂದಿನದು ನನ್ನ ಪಾಲು: ಊಟದ ಡಬ್ಬಿಯಲ್ಲಿ ಗಿಡ ತುಂಬಿಕೊಂಡು ಬಂದು, ಬಸ್ ತಪ್ಪಿಸಿಕೊಂಡು, ನಮ್ಮ ನಿಲ್ದಾಣದಲ್ಲಿ ಬೆಪ್ಪನಂತೆ ನಿಂತಿದ್ದರು ಎಂದು ಎಷ್ಟು ನೆಂಟರನ್ನು ನಗಿಸಿದ್ದೇನೋ. ಇವತ್ತು ನಾನು ಹೇಳುವಂತಿಲ್ಲ, ಅವರು ಮುಂದುವರಿಸಲಿಲ್ಲ. ಕಥೆ ನಡುದಾರಿಯಲ್ಲೇ ಕೆಟ್ಟು ನಿಂತಿತು.

ಪಟ್ಟಿ: ಹತ್ತೊಂಬತ್ತು.

ಮಾರ್ಚ್ 6

ನಿಲ್ದಾಣದ ಮ್ಯಾನೇಜರು ಹಣ್ಣು ತಂದಿದ್ದರು. ಹಣ್ಣಿನ ಜೊತೆ ಸುದ್ದಿಯೂ ಇತ್ತು. ನನ್ನ ಜಾಗದಲ್ಲಿ ಒಂದು ಯಂತ್ರ ಕೂರಿಸಿದ್ದಾರೆ. ಮೊದಲೇ ತುಂಬಿಸಿಟ್ಟ ಹೆಣ್ಣು ದನಿ, ಗುಂಡಿ ಒತ್ತಿದರೆ ಬಸ್ಸಿನ ಹೆಸರು ಹೇಳುತ್ತದೆ. "ತಾತ್ಕಾಲಿಕ ಅಮ್ಮಾ, ಟ್ರಯಲ್ ಅಷ್ಟೇ. ತಿಂಗಳ ಕೊನೆಗೆ ನಿಮ್ಮ ದನಿ ಸರಿ ಹೋದ್ರೆ ನಿಮ್ಮ ಕುರ್ಚಿ ನಿಮಗೇ. ಇಲ್ಲಾಂದ್ರೆ ಲಗೇಜ್ ಕೊಠಡೀಲಿ ಕೂರಬಹುದು, ಆರಾಮ ಕೆಲಸ."

ಲಗೇಜ್ ಕೊಠಡಿ! ಜನ ಮರೆತು ಹೋದ ಛತ್ರಿಗಳ ಮಧ್ಯೆ!

ಯಂತ್ರಕ್ಕೆ ಏನು ಗೊತ್ತು? ನನ್ನ ಕಿಟಕಿಯಿಂದ ಗೇಟು ಕಾಣಿಸುತ್ತದೆ. ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಯಾರಾದರೂ ಓಡಿ ಬರುತ್ತಿದ್ದರೆ ನಾನು "ಕೊನೆಯ ಕರೆ"ಯನ್ನು ಎಳೆಯುತ್ತೇನೆ. ಊರಿನ ಹೆಸರನ್ನು ಹಾಡಿದಂತೆ ಹೇಳುತ್ತೇನೆ, ದಾರಿಯ ಹಳ್ಳಿಗಳನ್ನೆಲ್ಲ ಸೇರಿಸುತ್ತೇನೆ. ನನ್ನ ಮಾತು ಮುಗಿಯುವವರೆಗೆ ಯಾವ ಡ್ರೈವರೂ ಗಾಡಿ ತೆಗೆಯುವುದಿಲ್ಲ, ಅದು ನಮ್ಮಲ್ಲಿನ ಒಪ್ಪಂದ. ನಿಯಮದ ಪುಸ್ತಕದಲ್ಲಿಲ್ಲ.

ಅಳು ಬಂತು. ಅತ್ತರೂ ಸದ್ದಾಗಬಾರದು ಎಂದು ಟೆರೇಸಿಗೆ ಹೋದೆ. ಮೂಲೆಯಲ್ಲಿ ಆ ಡಬ್ಬಿ. ಗೇಣುದ್ದದ ಗಿಡ, ಸೂಜಿಯಷ್ಟು ಉದ್ದದ ಉಬ್ಬಿದ ಎಲೆಗಳು, ನೂಲಿನಂಥ ಕಡ್ಡಿಗಳ ತುದಿಯಲ್ಲಿ ಮುದುಡಿದ ಮೊಗ್ಗು. ಮಣ್ಣು ಸುಟ್ಟ ಇಟ್ಟಿಗೆಯಷ್ಟು ಒಣಗಿತ್ತು. ಪಾಪ, ಇವರು ಗಿಡಕ್ಕೂ ಒಂದು ಹನಿ ಹೆಚ್ಚು ಹಾಕುವವರಲ್ಲ. ಎರಡು ಚೊಂಬು ನೀರು ಸುರಿದೆ. ಪಕ್ಕದ ಗೋಡೆಯ ಬಿರುಕಿನಲ್ಲೂ ಅದರ ಮರಿಗಳು ಎದ್ದಿದ್ದವು. ಅವಕ್ಕೆ ಹಾಕುವ ಮುಂಚೆ ನೀರು ಮುಗಿಯಿತು.

ಮಾರ್ಚ್ 9

ಒಂದು ವಿಷಯ ಮೂರು ದಿನದಿಂದ ತಲೆ ತಿನ್ನುತ್ತಿದೆ. ನಮ್ಮವರು ದಿನಾ ಮೂರು ಗಂಟೆ ದಾಟಿದ ಕೂಡಲೇ ಚಹಾದ ಲೋಟ ಹಿಡಿದು ಟೆರೇಸು ಹತ್ತುತ್ತಾರೆ. ಅರ್ಧ ಗಂಟೆ ಇಳಿಯುವುದಿಲ್ಲ. ನನ್ನ ಡ್ಯೂಟಿ ಒಂದರಿಂದ ಎಂಟು, ರಜೆಯ ದಿನ ಮಧ್ಯಾಹ್ನ ನಾನು ಗೊರಕೆ ಹೊಡೆಯುತ್ತಿರುತ್ತೇನೆ. ಹಾಗಾದರೆ ಮದುವೆಯಾದ ಈ ಹನ್ನೊಂದು ವರ್ಷದಿಂದ ಇದು ನಡೆದಿದೆಯೋ ಏನೋ! ಎದುರು ಮನೆಯ ಟೆರೇಸಿನಲ್ಲಿ ಯಾರಿದ್ದಾರೆ?

ಇವತ್ತು ಬೆಕ್ಕಿನ ಹೆಜ್ಜೆಯಲ್ಲಿ ಹಿಂದೆಯೇ ಹೋದೆ. ಎದುರು ಟೆರೇಸಿನಲ್ಲಿ ಒಬ್ಬ ಅಜ್ಜ ತಲೆದಿಂಬು ಒಣಗಿಸುತ್ತಿದ್ದರು. ನಮ್ಮವರು ಅವರ ಕಡೆಗೂ ನೋಡುತ್ತಿರಲಿಲ್ಲ. ಡಬ್ಬಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು.

ನನ್ನನ್ನು ಕಂಡು ಗಾಬರಿಯಾಗಲಿಲ್ಲ. ಪಕ್ಕಕ್ಕೆ ಸರಿದು ಜಾಗ ಕೊಟ್ಟರು. "ಸರಿಯಾಗಿ ಬಂದೆ. ಈಗ ನೋಡು."

ನೋಡಿದೆ. ಬೆಳಿಗ್ಗೆ ಮುದುಡಿ ಕೂತಿದ್ದ ಮೊಗ್ಗು ನನ್ನ ಕಣ್ಣೆದುರೇ ಸಡಿಲವಾಯಿತು. ಒಂದು ಎಸಳು ಬಿಟ್ಟುಕೊಂಡಿತು, ಇನ್ನೊಂದು. ಅಂಗಿಯ ಗುಂಡಿಯಷ್ಟು ಹೂವು. ಬಣ್ಣ ಮಾತ್ರ ಕಣ್ಣು ಕುಕ್ಕುವ ಗುಲಾಬಿ, ನಡುವೆ ಚಿಟಿಕೆ ಹಳದಿ. ಐದು ನಿಮಿಷದಲ್ಲಿ ಡಬ್ಬಿಯಲ್ಲಿ ನಾಲ್ಕು, ಬಿರುಕಿನಲ್ಲಿ ಒಂಬತ್ತು.

"ಸಂಜೆ ಐದೂವರೆಗೆ ಮುಚ್ಚಿಬಿಡುತ್ತೆ. ನಾಳೆ ಬೇರೆ ಹೂವು" ಎಂದರು. ಚಹಾ ಗುಟುಕರಿಸಿ, "ಪುಸ್ತಕಾನ ಪ್ರೆಸ್ಸಿಗೆ ಹಾಕಿದ ಮೇಲೆ ಅಂಟು ಒಣಗೋವರೆಗೆ ನನಗೇನು ಕೆಲಸ ಇರುತ್ತೆ ಹೇಳು. ಬಂದು ಕೂರ್ತೀನಿ" ಎಂದರು.

ನನಗೆ ಯಾಕೆ ಹೇಳಲಿಲ್ಲ ಎಂದು ಸ್ಲೇಟಿನ ಮೇಲೆ ಬರೆದೆ. ಓದಿ ನಕ್ಕರು. ಇದನ್ನೂ ಪಟ್ಟಿಗೆ ಸೇರಿಸಿದೆ. ನಲವತ್ತೊಂದು.

ಮಾರ್ಚ್ 10

ಮೂರು ಇಪ್ಪತ್ತಕ್ಕೆ ಸರಿಯಾಗಿ ಅರಳಿತು.

ಮಾರ್ಚ್ 11

ಮೂರು ಇಪ್ಪತ್ತೊಂದು. ನಮ್ಮ ಎಕ್ಸ್‌ಪ್ರೆಸ್ ಬಸ್ಸುಗಳಿಗೆ ಈ ನಿಯತ್ತು ಇದ್ದಿದ್ದರೆ ನನ್ನ ಗಂಟಲು ಕೆಡುತ್ತಲೇ ಇರಲಿಲ್ಲ.

ಮಾರ್ಚ್ 13

ಕೊಂದುಬಿಟ್ಟೆ. ಡಬ್ಬಿಯ ಗಿಡವನ್ನು ನಾನೇ ಕೊಂದೆ.

ದಿನಾ ಬೆಳಿಗ್ಗೆ ಎರಡು ಚೊಂಬು, ಪ್ರೀತಿ ಉಕ್ಕಿದ ದಿನ ಮೂರು. ಇವತ್ತು ನೋಡಿದರೆ ಎಲೆಗಳು ನೀರುಗುಳ್ಳೆಯ ಹಾಗೆ ಬೆಳ್ಳಗಾಗಿ ಮುಟ್ಟಿದರೆ ಉದುರುತ್ತಿವೆ. ಬುಡ ಕೊಳೆತು ಕೈಗೇ ಬಂತು. ಹನ್ನೆರಡು ವರ್ಷ ಅವರು ಸಾಕಿದ ಗಿಡ, ಒಂದು ವಾರದಲ್ಲಿ ನನ್ನ ಕೈಯಲ್ಲಿ ಹೋಯಿತು. ಸ್ಲೇಟಿನ ತುಂಬ "ತಪ್ಪಾಯ್ತು" ಎಂದು ಬರೆದು ಅಂಗಡಿ ಕೋಣೆಯ ಬಾಗಿಲಲ್ಲಿ ನಿಂತೆ, ಶಾಲೆಗೆ ತಡವಾಗಿ ಬಂದ ಮಗುವಿನ ಹಾಗೆ.

ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೈಯಲ್ಲಿದ್ದ ಸೂಜಿ ದಾರ ಕೆಳಗಿಟ್ಟು ಹೇಳಿದರು: "ಅದು ಒಣ ಗುಡ್ಡದ್ದು ಕಣೆ. ಎಲೇಲೇ ನೀರು ಇಟ್ಕೊಂಡಿರುತ್ತೆ. ನಾನು ವಾರಕ್ಕೊಂದು ಸಲ ಅಂಟಿನ ಬಾಟ್ಲಿ ಮುಚ್ಚಳದಲ್ಲಿ ಹಾಕ್ತಿದ್ದೆ, ಅಷ್ಟೇ. ಅದಕ್ಕೆ ಏನೂ ಮಾಡ್ದೇ ಪಕ್ಕದಲ್ಲಿ ಕೂತ್ರೆ ಸಾಕು." ಆಮೇಲೆ ನನ್ನ ಮುಖ ನೋಡಿ, "ಬಿರುಕಿನಲ್ಲಿ ಮರಿಗಳಿವೆಯಲ್ಲ, ಬಿಡು. ಅಲ್ಲಿಗೆ ನಿನ್ನ ಚೊಂಬು ಇನ್ನೂ ಮುಟ್ಟಿಲ್ಲ ತಾನೆ?"

ನಗು ಬಂತು. ನಗುವಂತೆಯೂ ಇಲ್ಲ ನಾನು. ಬಾಯಿ ಮುಚ್ಚಿಕೊಂಡು ಭುಜ ಕುಣಿಸಿದೆ.

ಅಂದ ಹಾಗೆ ಇಷ್ಟುದ್ದದ ಮಾತನ್ನು ಅವರು ಒಂದೇ ಉಸಿರಿಗೆ ಆಡಿದ್ದು ನನಗೆ ನೆನಪಿಲ್ಲ.

ಮಾರ್ಚ್ 16

ಮೋಡ. ಹೂವಿನ ಸೇವೆ ರದ್ದು. ಪ್ರಯಾಣಿಕರಿಗೆ ಆದ ತೊಂದರೆಗೆ ವಿಷಾದಿಸುತ್ತೇವೆ.

ಆದರೂ ಮೇಲೆ ಹೋಗಿ ಕೂತೆವು. ಇವರು ಕೆಲಸ ಕಲಿತ ಗುರುವಿನ ಕಥೆ ಹೇಳಿದರು. ಆ ಮುದುಕ ಅಂಟು ಬೆಂದಿದೆಯೋ ಇಲ್ಲವೋ ಎಂದು ನಾಲಿಗೆಯಿಂದ ರುಚಿ ನೋಡುತ್ತಿದ್ದನಂತೆ. ಒಂದು ದಿನ ಇವರು ತಮಾಷೆಗೆ ಅದಕ್ಕೆ ಉಪ್ಪು ಬೆರೆಸಿದರಂತೆ. ಗುರು ಚಪ್ಪರಿಸಿ, "ಇವತ್ತು ಪರವಾಗಿಲ್ಲ" ಎಂದನಂತೆ. ಇದನ್ನು ಇವರು ಮುದುಕನ ದನಿಯಲ್ಲೇ ಆಡಿ ತೋರಿಸಿದರು. ಹನ್ನೊಂದು ವರ್ಷ ಸಂಸಾರ ಮಾಡಿದ್ದೇನೆ, ಇವರಿಗೆ ಅಣಕ ಬರುತ್ತದೆಂದು ಇವತ್ತು ಗೊತ್ತಾಯಿತು. ಕಥೆ ಮುಗಿಯುವಷ್ಟರಲ್ಲಿ ನಾಲ್ಕು ಹತ್ತು. ನನ್ನ ಕಿವಿ ನೋಯುತ್ತಿದೆ. ಮೊದಲು ಹೀಗಿರಲಿಲ್ಲ ಈ ಮನುಷ್ಯ, ನನಗೆ ಹುಷಾರಿಲ್ಲದ್ದಕ್ಕೆ ಬೇಜಾರು ಕಳೆಯಲು ಮಾತಾಡುತ್ತಾರೆ ಅನ್ನಿಸುತ್ತದೆ.

ಪಟ್ಟಿಗೆ ಈ ವಾರ ಏನೂ ಸೇರಿಲ್ಲ. ಸಮಯ ಸಿಗುತ್ತಿಲ್ಲ.

ಮಾರ್ಚ್ 21

ಇವತ್ತಿನದನ್ನು ಪೂರ್ತಿ ಬರೆಯಲೇಬೇಕು.

ಬೆಳಿಗ್ಗೆ ಒಂಬತ್ತಕ್ಕೆ ತಲೆಯ ಮೇಲೆ ಧಡಧಡ ಸದ್ದು. ಓಡಿ ಹತ್ತಿದರೆ ಗಾರೆ ಮೇಸ್ತ್ರಿ ಸಿಮೆಂಟು ಕಲಸಿಟ್ಟುಕೊಂಡು, ಉಳಿ ಹಿಡಿದು, ನೇರ ನಮ್ಮ ಬಿರುಕಿನ ಮುಂದೆ ಕೂತಿದ್ದಾನೆ. ಆ ಹೊತ್ತಿನಲ್ಲಿ ಹೂವೆಲ್ಲಿ? ಕಣ್ಣಿಗೆ ಬೀಳುವುದು ಒಂದು ಹಿಡಿ ಕಳೆ.

ಚಪ್ಪಾಳೆ ತಟ್ಟಿದೆ. ತಿರುಗಿದ. ಸ್ಲೇಟಿನ ಮೇಲೆ "ನಿಲ್ಲಿ, ಕೀಳಬೇಡಿ" ಎಂದು ದೊಡ್ಡದಾಗಿ ಬರೆದು ಹಿಡಿದೆ.

"ಕನ್ನಡಕ ಮನೇಲಿದೆ ಅಮ್ಮಾ, ಬಾಯಲ್ಲಿ ಹೇಳಿ" ಎಂದ.

ಬಾಯಲ್ಲಿ ಹೇಳಬೇಕಂತೆ! ಕೈ ಬೀಸಿದೆ, ತಲೆ ಆಡಿಸಿದೆ, ಹೂವಿನ ಹಾಗೆ ಬೆರಳು ಅರಳಿಸಿ ತೋರಿಸಿದೆ. ಅವನು ಪಾಪ, ಏನು ತಿಳಿದುಕೊಂಡನೋ, "ಐದು ನಿಮಿಷದ ಕೆಲಸ, ಗಾಬರಿ ಆಗ್ಬೇಡಿ" ಎಂದು ಸಮಾಧಾನ ಹೇಳಿ ಉಳಿ ಎತ್ತಿದ. ಬೇರೆ ದಾರಿ ಕಾಣಲಿಲ್ಲ. ಬಿರುಕಿನ ಮುಂದೆ ಧೊಪ್ಪನೆ ಕೂತು ಕಾಲು ಚಾಚಿಬಿಟ್ಟೆ.

ಅಷ್ಟರಲ್ಲಿ ಟೀಚರಮ್ಮ ಏದುಸಿರು ಬಿಡುತ್ತ ಬಂದರು. "ಏನಮ್ಮಾ ಇದು ಚಿಕ್ಕ ಮಗು ಥರ! ಕಳೆಗೋಸ್ಕರ ಮನೆ ಸೋರಲಿ ಅಂತೀಯಾ? ನೀನು ಮುಂದುವರಿಸಪ್ಪ, ಆ ಕಡೆಯಿಂದ ಶುರು ಮಾಡು."

ಮೇಸ್ತ್ರಿ ಆ ಕಡೆಗೆ ಹೋಗಿ ಮೊದಲ ಬುಡಕ್ಕೆ ಉಳಿ ತಾಗಿಸಿದ. ಡಬ್ಬಿಯದನ್ನು ನಾನು ಕೊಂದಾಗಿದೆ, ಇನ್ನು ಉಳಿದಿರುವುದು ಇಷ್ಟೇ. ಒಂದು ಕೂಗು ಸಾಕು, ಇಡೀ ನಿಲ್ದಾಣ ನಿಲ್ಲಿಸಿದ ದನಿ ಇದು. ಹದಿನೆಂಟು ದಿನ ಕಾಪಾಡಿದ್ದು ಹೋದರೆ ಹೋಗಲಿ ಎಂದು ಉಸಿರು ಎಳೆದುಕೊಂಡೆ. ಬಾಯಿ ತೆರೆದಾಗಿತ್ತು.

"ನಿಲ್ಲಿಸ್ರೀ!"

ನಾನಲ್ಲ. ಮೆಟ್ಟಿಲ ಮೇಲೆ ನಮ್ಮವರು, ಕೈಯಲ್ಲಿ ಅಂಟು ತೊಟ್ಟಿಕ್ಕುವ ಬ್ರಷ್ಷು. ಅವರಿಗೆ ಅಷ್ಟು ದೊಡ್ಡ ದನಿ ಇದೆಯೆಂದು ಅವರಿಗೇ ಗೊತ್ತಿರಲಿಲ್ಲವೇನೋ, ತಾವೇ ಬೆಚ್ಚಿಬಿದ್ದರು. ನನ್ನ ಕಡೆ ಬೆರಳು ತೋರಿಸಿ, "ನೀನು ಬಾಯಿ ಮುಚ್ಚು" ಎಂದರು. ಮುಚ್ಚಿದೆ.

"ಟೀಚರಮ್ಮಾ, ಹನ್ನೊಂದು ವರ್ಷದಲ್ಲಿ ನಿಮ್ಮ ಹತ್ರ ಏನಾದ್ರೂ ಕೇಳಿದೀನಾ? ನಲ್ಲಿ ಸೋರಿದ್ರೆ ನಾನೇ ಬಟ್ಟೆ ಸುತ್ತಿದೆ. ಕಿಟಕಿ ಮುರಿದ್ರೆ ರಟ್ಟು ಅಂಟಿಸಿದೆ. ಇವತ್ತು ಒಂದು ಕೇಳ್ತೀನಿ. ಮೂರು ಇಪ್ಪತ್ತರವರೆಗೆ ಈ ಮೂಲೆ ಬಿಡಿ. ಮೂರು ಇಪ್ಪತ್ತಕ್ಕೆ ನೀವೂ ಬನ್ನಿ. ಆಮೇಲೂ ಮುಚ್ಚಬೇಕು ಅನ್ನಿಸಿದ್ರೆ ನಾನೇ ಸಿಮೆಂಟ್ ಕಲಸಿಕೊಡ್ತೀನಿ."

ಟೀಚರಮ್ಮ ಬಾಯಿ ತೆರೆದರು, ಮುಚ್ಚಿದರು. ಅವರಿಗೂ ನನ್ನ ರೋಗ ಅಂಟಿತೇನೋ ಅನ್ನಿಸಿತು. "ಸರಿ, ಮಿಕ್ಕ ಮೂರು ಕಡೆ ಮುಗಿಸಪ್ಪ" ಎಂದು ಇಳಿದರು.

ಎರಡೂವರೆಗೆ ಮೋಡ ಕವಿಯಿತು! ಇವತ್ತೇ ಕವಿಯಬೇಕೇ? ಮೂರು ಇಪ್ಪತ್ತಕ್ಕೆ ನಾಲ್ಕು ಜನ ಬಿರುಕಿನ ಮುಂದೆ ಸಾಲಾಗಿ ಕೂತಿದ್ದೆವು, ಬಾರದ ಬಸ್ಸಿಗೆ ಕಾಯುವವರ ಹಾಗೆ. ಮೂರೂವರೆ. ಟೀಚರಮ್ಮ ಗಡಿಯಾರ ನೋಡಿಕೊಂಡರು. ಇಂಥ ಹೊತ್ತಿನಲ್ಲಿ ನಾನು ಮೈಕಿನಲ್ಲಿ ಏನಾದರೂ ಹೇಳಿ ಜನರನ್ನು ಹಿಡಿದಿಡುತ್ತಿದ್ದೆ. ಈಗ ಆ ಕೆಲಸ ನಮ್ಮವರು ಮಾಡಿದರು. ಉಪ್ಪು ಹಾಕಿದ ಅಂಟಿನ ಕಥೆ ತೆಗೆದರು. ಮುದುಕನ ದನಿ ಬಂದಾಗ ಮೇಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕ. ಕಥೆ ಮುಗಿಯುವುದಕ್ಕೂ ಬಿಸಿಲು ಬರುವುದಕ್ಕೂ ಸರಿಹೋಯಿತು. ಮೂರು ನಲವತ್ತೆರಡಕ್ಕೆ ಮೊದಲನೆಯದು ಅರಳಿತು. ಒಟ್ಟು ಹದಿಮೂರು.

ಟೀಚರಮ್ಮ ಮಂಡಿಯೂರಿ ಹತ್ತಿರ ಸರಿದರು. ಮೇಸ್ತ್ರಿಯೇ ಬಗ್ಗಿ ನೋಡಿ, "ಅಮ್ಮಾ, ನಿಜ ಹೇಳ್ಬೇಕು ಅಂದ್ರೆ ಸೋರೋದು ಇಲ್ಲಿಂದ ಅಲ್ಲ, ಟ್ಯಾಂಕಿನ ಪೈಪಿನ ಹತ್ರದಿಂದ" ಎಂದ.

"ಅದನ್ನ ಬೆಳಿಗ್ಗೆ ಹೇಳೋಕೇನಾಗಿತ್ತು ನಿನಗೆ?"

"ಬೆಳಿಗ್ಗೆ ನೀವು ಕೇಳ್ಲಿಲ್ಲ, ಇವರು ಹೇಳ್ಲಿಲ್ಲ."

ಒಂದು ಮೊಳ ಜಾಗ ಬಿಟ್ಟು ಬಳಿದು ಹೋದ.

ಮಾರ್ಚ್ 22

ಟೀಚರಮ್ಮ ಮೂರು ಹದಿನೈದಕ್ಕೆ ತಮ್ಮದೇ ಕುರ್ಚಿ ಹೊರಿಸಿಕೊಂಡು ಮೇಲೆ ಬಂದರು. ಕಾಲುಗಂಟೆ ಕೂತು ಎಸಳು ಎಣಿಸಿ, "ಐದು. ಎಲ್ಲದಕ್ಕೂ ಐದೇ" ಎಂದು ಸಮಾಧಾನದಿಂದ ಇಳಿದರು.

ಮಾರ್ಚ್ 26

ಇವತ್ತು ಭಯವಾಗುತ್ತಿದೆ. ಸುಮ್ಮನೆ ಬರೆದುಬಿಡುತ್ತೇನೆ. ಐದು ದಿನ ಉಳಿಯಿತು. ಅಲ್ಲಿ ಡಾಕ್ಟರು ಬಾಯಿ ತೆರೆಸಿದಾಗ ಬರೀ ಗಾಳಿ ಬಂದರೆ? ನಾನೆಂದರೆ ದನಿ ಎಂದೇ ಇಷ್ಟು ವರ್ಷ ತಿಳಿದಿದ್ದೆ. ಅದು ಹೋದರೆ ಉಳಿದವಳು ಯಾರು ಎಂದು ನನಗೆ ಗೊತ್ತಿಲ್ಲ.

ಸ್ಲೇಟಿನ ಮೇಲೆ ಬರೆದೆ: ದನಿ ಬರದಿದ್ದರೆ?

ಇವರು ಓದಿದರು. ಬಳಪ ತೆಗೆದುಕೊಂಡು ಅದರ ಕೆಳಗೆ ಬರೆದರು: ಮೂರು ಇಪ್ಪತ್ತು ಆಯಿತು, ಬಾ.

ಬಿರುಕಿನಲ್ಲಿ ಕಾಯಿ ಒಡೆಯಲು ಶುರುವಾಗಿದೆ. ಒಳಗೆ ಹೊಳೆಯುವ ಕಪ್ಪು ಬೀಜ, ಬರೆದ ಚುಕ್ಕಿಗಿಂತಲೂ ಸಣ್ಣದು. ಖಾಲಿ ಡಬ್ಬಿಗೆ ಬಿತ್ತೋಣ ಎಂದು ಕೂಡಿಸಿದೆ. ಕಟ್ಟಿಡಲು ಕಾಗದ ಬೇಕಿತ್ತು, ಕೈಗೆ ಸಿಕ್ಕಿದ್ದು ಆ ಹಳೆಯ ಪಟ್ಟಿ. ಅದರಲ್ಲೇ ಮಡಿಸಿಟ್ಟೆ.

ಮಾರ್ಚ್ 30

ಮೇಲೆ ಕೂತಿದ್ದಾಗ ಇವರು ತಾವಾಗಿಯೇ ಶುರುಮಾಡಿದರು. "ಆ ಒಣ ಗುಡ್ಡದ ಊರಿಂದ ಬರ್ತಾ ಇಲ್ಲಿ ಬಸ್ ಬದಲಾಯಿಸ್ಬೇಕಿತ್ತು. ಕೈಯಲ್ಲಿ ಡಬ್ಬಿ, ಡಬ್ಬೀಲಿ ಗಿಡ. ಗೇಟಿಂದ ಓಡಿ ಬರ್ತಿದ್ದೆ..." ಅಲ್ಲಿಗೆ ನಿಂತರು, ಅಭ್ಯಾಸಬಲ. ನಾನು ಹೇಳು ಎನ್ನುವಂತೆ ಗಲ್ಲ ಎತ್ತಿದೆ. ಆಗ ಕೆಳಗಿನಿಂದ ವಾಸನೆ ಬಂತು. "ಅಯ್ಯೋ, ಅಂಟು ಒಲೆ ಮೇಲಿದೆ!" ಎಂದು ಎರಡೆರಡು ಮೆಟ್ಟಿಲು ಹಾರಿದರು. ಪಾತ್ರೆ ಹೋಯಿತು. ಕಥೆಯೂ ಹೋಯಿತು. ನಾನೋ ಬಸ್ ತಪ್ಪಿತು, ಬೆಪ್ಪನಂತೆ ನಿಂತರು ಎಂದಷ್ಟೇ ತಿಳಿದವಳು. ಓಡಿ ಬಂದವರು ಬಸ್ ಹೇಗೆ ತಪ್ಪಿಸಿಕೊಂಡರು?

ನಾಳೆ ಆಸ್ಪತ್ರೆ.

ಮಾರ್ಚ್ 31

ಬಂತು!

ಡಾಕ್ಟರು "ಆ ಅನ್ನಿ" ಎಂದರು. ಅಂದೆ. ಮೊದಲಿಗಿಂತ ಒಂದು ಮೆಟ್ಟಿಲು ಕೆಳಗೆ, ಆದರೆ ಬಿರುಕಿಲ್ಲದ ದನಿ. ಡಾಕ್ಟರು ಬೆನ್ನು ತಟ್ಟಿದರು. ಒಂದು ವಾರ ದಿನಕ್ಕೆ ಐದೇ ನಿಮಿಷ ಮಾತು, ಆಮೇಲೆ ನಿಧಾನವಾಗಿ ಹೆಚ್ಚಿಸಬೇಕು, ಒಂದು ತಿಂಗಳ ನಂತರ ಮೈಕು. ಮ್ಯಾನೇಜರಿಗೆ ಇವರು ಫೋನ್ ಮಾಡಿದರೆ, ಅವರೇ ಕೈಮುಗಿಯುವವರ ಹಾಗೆ ಮಾತಾಡಿದರಂತೆ. ಯಂತ್ರ ಯಾರಿಗೂ ಕಾಯುವುದಿಲ್ಲವೆಂದು ಜನ ದಿನಾ ಜಗಳಕ್ಕೆ ನಿಲ್ಲುತ್ತಾರಂತೆ.

"ಏನಾದ್ರೂ ಹೇಳು" ಎಂದು ದಾರಿಯುದ್ದಕ್ಕೂ ಇವರು ಪೀಡಿಸಿದರು. ತಲೆಯಾಡಿಸಿದೆ. ಐದು ನಿಮಿಷವನ್ನು ಬಸ್ಸಿನ ಗದ್ದಲದಲ್ಲಿ ಕಳೆಯಲು ಮನಸ್ಸಿರಲಿಲ್ಲ.

ಮೂರು ಇಪ್ಪತ್ತಕ್ಕೆ ಮೇಲೆ ಹೋಗಿ ಕೂತೆವು. ಮೊದಲ ಹೂವು ಬಿಟ್ಟುಕೊಂಡಿತು. ಇವರ ಕಡೆ ತಿರುಗಿ, ಇಪ್ಪತ್ತೆಂಟು ದಿನದ ಮೊದಲ ಮಾತು ಆಡಿದೆ.

"ಆಮೇಲೇನಾಯ್ತು?"

ಇವರಿಗೆ ಯಾವ ಕಥೆಯೆಂದು ತಕ್ಷಣ ತಿಳಿಯಿತು. ಲೋಟ ಕೆಳಗಿಟ್ಟರು.

"ಓಡಿ ಬರ್ತಿದ್ದೆ. ಬಸ್ ಹೊರಡೋದ್ರಲ್ಲಿತ್ತು. ಆಗ ಮೈಕಿನಲ್ಲಿ ಒಂದು ದನಿ, 'ಡಬ್ಬಿ ಹಿಡ್ಕೊಂಡು ಓಡಿ ಬರ್ತಿರೋ ನೀಲಿ ಅಂಗಿಯವರೇ, ನಿಧಾನವಾಗಿ ಬನ್ನಿ, ಬಸ್ ನಿಮ್ಮನ್ನ ಬಿಟ್ಟು ಹೋಗಲ್ಲ' ಅಂತು. ಹಿಂದೆ ಯಾರೂ ನನಗೆ ನಿಧಾನವಾಗಿ ಬಾ ಅಂದಿರ್ಲಿಲ್ಲ. ಬಸ್ ಕಾಯ್ತು ಕಣೆ. ನಾನೇ ಹತ್ತಲಿಲ್ಲ. ಆ ದನಿ ಇನ್ನೊಂದು ಸಲ ಕೇಳ್ಬೇಕು ಅನ್ನಿಸ್ತು. ಮುಂದಿನ ಬಸ್ಸೂ ಬಿಟ್ಟೆ, ಅದರ ಮುಂದಿನದನ್ನೂ ಬಿಟ್ಟೆ. ಆಮೇಲೆ ಈ ಊರಲ್ಲೇ ಅಂಗಡಿ ಹಾಕಿ, ಆರು ತಿಂಗಳು ವಿಚಾರಿಸಿ, ನಿನ್ನ ಸೋದರಮಾವನ ಹಳೇ ಪುಸ್ತಕಗಳಿಗೆಲ್ಲ ಬಿಟ್ಟಿ ರಟ್ಟು ಹಾಕಿಕೊಟ್ಟೆ. ಇಲ್ಲಾಂದ್ರೆ ನಿನ್ನ ಮದುವೆ ಮಾತಿಗೆ ಅವರು ನನ್ನ ಹೆಸರು ಎತ್ತುತ್ತಿದ್ರಾ?"

ಹನ್ನೊಂದು ವರ್ಷ ಈ ಕಥೆಯನ್ನು ನಾನು ಅರ್ಧಕ್ಕೆ ಕಿತ್ತುಕೊಂಡು, ಇವರನ್ನು ಬೆಪ್ಪ ಮಾಡಿ ನೆಂಟರನ್ನು ನಗಿಸಿದ್ದೇನೆ. ಕಣ್ಣೀರು ಸುರಿಯಿತು. ಇವರು ಅಂಗಿಯ ತುದಿ ಕೊಟ್ಟರು, ಅದರ ತುಂಬ ಅಂಟು. ಮುಖಕ್ಕೆಲ್ಲ ಮೆತ್ತಿಕೊಂಡಿತು.

ಐದು ನಿಮಿಷದಲ್ಲಿ ಇವತ್ತು ಖರ್ಚಾದದ್ದು ಆ ಒಂದು ಮಾತು ಮಾತ್ರ. ಉಳಿದದ್ದನ್ನು ಬಳಸೋಣವೆಂದರೆ ಈ ಪುಣ್ಯಾತ್ಮರು ಸಂಜೆ ಹೂವು ಮುಚ್ಚುವವರೆಗೂ ಬಾಯಿ ಮುಚ್ಚಲಿಲ್ಲ. ಇವರನ್ನು ಮಿತಭಾಷಿ ಎಂದವರು ಯಾರೋ!